ನಮ್ಮತ್ತೆಯ ಕಟ್ಟೆಯೂ ಮುನಸಿಪಾಲ್ಟಿಯ ಉಪಕಾರವೂ

ನನ್ನ ಮದುವೆ ಗೊತ್ತಾದದ್ದು ನನ್ನ ಅಕ್ಷರ ನೋಡಿ. ಹುಡುಗಿ ನೋಡಲು ಬಂದವರು ಹಾಡು ಹೇಳಿಸುತ್ತಾರೆ, ನಡೆದಾಡಿಸಿ ನೋಡುತ್ತಾರೆ, ಹೆಚ್ಚೆಂದರೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳುತ್ತಾರೆ. ನಮ್ಮತ್ತೆಯಾಗಲಿದ್ದವರು ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹಾಳೆ, ಮಸಿಯ ದೌತಿ, ಬರೆಯುವ ಟಾಕು ತರಿಸಿದರು.

"ಏನರ ನಾಕ ಸಾಲ ಬರಿಯವಾ, ನೋಡೂಣು" ಎಂದರು.

ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಧಾರವಾಡದವಳು ಬೇರೆ. ಹುಬ್ಬಳ್ಳಿಯವರ ಮುಂದೆ ಸೋಲಬಾರದೆಂದು ಮುತ್ತು ಪೋಣಿಸಿದ ಹಾಗೆ ಬರೆದುಕೊಟ್ಟೆ. ಅವರಿಗೆ ಓದಲು ಬರುತ್ತಿರಲಿಲ್ಲ. ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಅಂಗಡಿಯಲ್ಲಿ ಸೀರೆಯ ಅಂಚು ನೋಡುವ ಹಾಗೆ ನೋಡಿ, "ಸಾಲ ಸೀದಾ ಅದಾವ. ನಡೀತೈತಿ" ಎಂದು ಎದ್ದರು. ನಮ್ಮಪ್ಪ ಹಿಗ್ಗಿ ಹೋದ. ಓದಿದ ಸೊಸೆ ಬೇಕು ಎನ್ನುವ ಸುಧಾರಣೆಯ ಮನೆ ಸಿಕ್ಕಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ಹುಬ್ಬಳ್ಳಿಗೆ ಹೋದ ಮೇಲೆ ನನಗೆ ತಿಳಿಯಿತು, ಆ ಮನೆಯಲ್ಲಿ ಸುಧಾರಣೆಯ ಗಾಳಿಯೂ ಬೀಸಿರಲಿಲ್ಲ. ಅವರಿಗೆ ಮುನಸಿಪಾಲ್ಟಿಗೆ ಅರ್ಜಿ ಬರೆಯುವವರು ಬೇಕಾಗಿದ್ದರು.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ನಮ್ಮ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ನಮ್ಮ ಮನೆಯವರಿಗೆ ಪೇಟೆಯಲ್ಲಿ ಹಗ್ಗ ಮತ್ತು ಗೋಣಿಚೀಲದ ಅಂಗಡಿ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಆಸ್ತಿಯಲ್ಲಿ ಓಣಿಯ ಎಲ್ಲರ ಕಣ್ಣಿಗೂ ಬೀಳುವಂಥದ್ದೆಂದರೆ ಮನೆಯ ಮುಂದಿನ ಕಟ್ಟೆ. ಬೀದಿಯ ಕಡೆಯ ಗೋಡೆಗೆ ಹತ್ತಿಕೊಂಡು, ಬಾಗಿಲಿನಿಂದ ಮೂಲೆಯವರೆಗೆ ಉದ್ದಕ್ಕೆ ಕರಿಕಲ್ಲಿನ ಕಟ್ಟೆ. ಪೇಟೆಗೆ ಚಕ್ಕಡಿ ಹೊಡೆದುಕೊಂಡು ಬಂದ ರೈತರು ನೆರಳಿಗೆ ಕೂತು ಬುತ್ತಿ ಬಿಚ್ಚಲಿ ಎಂದು ಅದನ್ನು ಕಟ್ಟಿಸಿದ್ದರಂತೆ. ಸಂಜೆಗೆ ತಾವೂ ಅಲ್ಲೇ ಕೂತು ಓಣಿಯ ಗಂಡಸರಿಗೆ ಪತ್ರಿಕೆ ಓದಿ ಹೇಳುತ್ತಿದ್ದರಂತೆ. ಕಟ್ಟೆ ಮುಗಿದ ದಿನವೇ ಒಂದು ಪದ್ಧತಿ ಹಾಕಿದ್ದರು: ಅದರ ಮೇಲೆ ಕೂತವರನ್ನು ಎಬ್ಬಿಸಬಾರದು. ಯಾರು, ಯಾವ ಊರು, ಯಾವ ಜಾತಿ ಎಂದು ಕೇಳಬಾರದು. ಕೂತವರು ತಾವಾಗಿ ಏಳಬೇಕು. ಎಬ್ಬಿಸಿದರೆ ಮನೆಗೆ ಒಳ್ಳೆಯದಲ್ಲ.

ಮಾವನವರು ಒಳ್ಳೆಯವರು. ಆದರೆ ಏಳದೇ ಇರುವವರೂ ಲೋಕದಲ್ಲಿ ಇದ್ದಾರೆ ಎಂದು ಅವರಿಗೆ ಹೊಳೆದಿರಲಿಲ್ಲ.

ನಾನು ಹೋಗುವ ಹೊತ್ತಿಗೆ ರೈತರು ಕೂಡ್ರುವುದು ನಿಂತು ಹೋಗಿತ್ತು, ಏಕೆಂದರೆ ಜಾಗವೇ ಇರಲಿಲ್ಲ. ಊಟದ ಹೊತ್ತು ಮುಗಿಯುತ್ತಿದ್ದ ಹಾಗೆ ನಾಲ್ಕೈದು ಮಂದಿ ಗಂಡಸರು ಬಂದು ಕಟ್ಟೆ ಹಿಡಿಯುತ್ತಿದ್ದರು. ಅವರಲ್ಲಿ ಮುಖ್ಯನಾದವನಿಗೆ ಭಾರೀ ಮೀಸೆ. ರೈಲ್ವೆ ವರ್ಕಶಾಪಿನಲ್ಲಿ ಕೆಲಸ ಆಗುವುದಿದೆ ಎಂದು ಹೇಳುತ್ತಿದ್ದ. ನಾನು ಆ ಮನೆಯಲ್ಲಿ ಎರಡು ಮಕ್ಕಳನ್ನು ಹೆತ್ತರೂ ಅದು ಆಗುವುದಿತ್ತೇ ಹೊರತು ಆಗಲಿಲ್ಲ. ಇಸ್ಪೀಟು ಹರಡಿದರೆಂದರೆ ದೀಪ ಹಚ್ಚುವ ತನಕ ಆಟ. ಮಧ್ಯೆ ಮಧ್ಯೆ ಜಗಳ. ಎಲೆಯಡಿಕೆ ಉಗುಳಿ ಉಗುಳಿ ನಮ್ಮ ಗೋಡೆ ಮೊಳಕಾಲುದ್ದ ಕೆಂಪಾಗಿತ್ತು. ನೀರಿಗೆ ಹೋಗುವ ಹೆಂಗಸರು ಕಂಡರೆ ಯಾರೋ ಒಬ್ಬ ನಾಟಕದ ಹಾಡು ಎತ್ತುತ್ತಿದ್ದ. ಹೆಣ್ಣುಮಕ್ಕಳ ಸಾಲೆಯ ಹುಡುಗಿಯರು ನಮ್ಮ ಓಣಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು.

ಸಿಟ್ಟು ಬರುತ್ತಿದ್ದದ್ದು ಇಷ್ಟಕ್ಕೇ ಅಲ್ಲ. ಈ ಪುಂಡರ ಬಾಯಲ್ಲಿ 'ರೀ' ಬಿಟ್ಟು ಮಾತೇ ಇಲ್ಲ. ಉಗುಳುವಾಗಲೂ ಮರ್ಯಾದೆ. ಒಂದು ದಿನ ನಾನು ಕೊಡ ಹೊತ್ತು ಬರುವಾಗ ಮೀಸೆಯವನು ಕೈ ಅಡ್ಡ ಹಿಡಿದು, ಬಾಯಿ ಮೇಲೆ ಮಾಡಿ, "ಸ್ವಲ್ಪ ನಿಲ್ರಿ ತಂಗೀರ, ಉಗುಳಾಂವ ಅದೇನಿ" ಎಂದ. ಉಗುಳಿದ. "ಹಾಂ, ಈಗ ಬರ್ರಿ" ಎಂದು ದಾರಿ ಬಿಟ್ಟ. ಇಂಥವನನ್ನು ಯಾವ ಮಾತಿನಿಂದ ಬೈಯುವುದು?

ಅತ್ತೆಗೆ ಬೈಗುಳಕ್ಕೇನೂ ಕೊರತೆ ಇರಲಿಲ್ಲ. ಆದರೆ ಗಂಡ ಹಾಕಿದ ಪದ್ಧತಿ ಮುರಿಯುವ ಧೈರ್ಯವಿರಲಿಲ್ಲ. ಅದಕ್ಕೆ ಅವರೊಂದು ದಾರಿ ಹುಡುಕಿದ್ದರು. ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದರು:

"ನೋಡವಾ, ನಾವು ಎಬ್ಬಿಸಿದ್ರ ಮನಿಗೆ ಛಲೋ ಅಲ್ಲ. ಮುನಸಿಪಾಲ್ಟ್ಯಾವರು ಎಬ್ಬಿಸಿದ್ರ ನಮಗೇನ ಆತು? ಆ ಪಾಪ ಅವರಿಗೆ ಹೋಗ್ಲಿ. ಅಷ್ಟ ಮಂದಿ ಅದಾರ, ಹಂಚಿಕೊಳ್ತಾರ."

ಹೀಗೆ ನಮ್ಮ ಅರ್ಜಿಗಳು ಶುರುವಾದವು. ಅತ್ತೆ ರೊಟ್ಟಿ ಬಡಿಯುತ್ತ ಹೇಳುವುದು, ನಾನು ಹೊಸ್ತಿಲಲ್ಲಿ ಕೂತು ಬರೆಯುವುದು. ಅವರು ಹೇಳುತ್ತಿದ್ದದ್ದನ್ನು ಹಾಗೇ ಬರೆದಿದ್ದರೆ ಕಚೇರಿಯ ಕಾರಕೂನ ಕಿವಿ ಮುಚ್ಚಿಕೊಳ್ಳುತ್ತಿದ್ದ. "ಆ ಹಾದರಗಿತ್ತಿ ಮಕ್ಕಳ ಬಾಯಾಗ ಮಣ್ಣ ಬೀಳ್ಲಿ ಅಂತ ಬರಿ" ಎಂದರೆ ನಾನು 'ಸದರಿ ಇಸಮುಗಳ ವರ್ತನೆಯು ಸಭ್ಯ ಗೃಹಸ್ಥರಿಗೆ ಅಸಹನೀಯವಾಗಿದ್ದು' ಎಂದು ಬರೆಯುತ್ತಿದ್ದೆ. ಓದಿ ತೋರಿಸಿದರೆ ಅತ್ತೆಗೆ ಸಂಶಯ.

"ಮಣ್ಣ ಎಲ್ಲೆ ಬಂತು ಇದರಾಗ?"

"ಅಸಹನೀಯ ಅಂದ್ನಲ್ರಿ ಅತ್ತ್ಯಾರ. ಅದರಾಗ ಎಲ್ಲಾ ಬಂತ್ರಿ."

"ಹಂಗಾರ ಎರಡ ಸಲ ಬರಿ."

ಕೆಳಗೆ ನಮ್ಮ ಮನೆಯವರ ಸಹಿ. ಮನೆಪಟ್ಟಿಯ ಕರ ಅವರ ಹೆಸರಿನಲ್ಲಿತ್ತು. ಪಟ್ಟಿ ತುಂಬದವರ ದೂರು ಮುನಸಿಪಾಲ್ಟಿಯ ಕಿವಿಗೆ ಕೇಳಿಸುತ್ತಿರಲಿಲ್ಲ. ಅವರು ಶಾಂತ ಸ್ವಭಾವದವರು, ತಾವಾಗಿ ದೂರು ಬರೆಯುವವರಲ್ಲ. ಊಟಕ್ಕೆ ಕೂತಾಗ ಸಹಿ ಹಾಕಿ, "ಹೋಗ್ಲಿ ಬಿಡ್ರಿ, ಯಾಕ ಸುಮ್ನ" ಎಂದು ಒಂದು ಮಾತು ಹೇಳಿ, ಮಜ್ಜಿಗೆ ಕುಡಿದು ಅಂಗಡಿಗೆ ಹೋಗುತ್ತಿದ್ದರು.

ಮೊದಲನೆಯ ಅರ್ಜಿಯಲ್ಲಿ ಉಗುಳಿನ ವಿಷಯ ಮುಂದೆ ಬಂದಿತ್ತು. ಆದ್ದರಿಂದ ಅದು ಆರೋಗ್ಯ ಖಾತೆಗೆ ಹೋಯಿತು. ಬಹಳ ದಿನಗಳಾದ ಮೇಲೆ ಒಬ್ಬ ಮನುಷ್ಯ ಬುಟ್ಟಿ ಹಿಡಿದು ಬಂದು ಕಟ್ಟೆಯ ಸುತ್ತ ಬಿಳಿ ಪುಡಿ ಚೆಲ್ಲಿದ. ಇಸ್ಪೀಟಿನವರು ಕಾಲು ಮೇಲೆತ್ತಿ ಅವನಿಗೆ ಅನುಕೂಲ ಮಾಡಿಕೊಟ್ಟರು. "ಈ ಮೂಲ್ಯಾಗ ಇನ್ನಷ್ಟ ಹಾಕ್ರಿ, ನೊಣ ಭಾಳ ಅದಾವ" ಎಂದು ಮೀಸೆಯವನು ತೋರಿಸಿದ. ಪುಡಿ ಬಿದ್ದ ಮೇಲೆ ನೊಣ ಕಡಿಮೆಯಾಗಿ ಇನ್ನೂ ಇಬ್ಬರು ಬಂದು ಸೇರಿಕೊಂಡರು.

ಎರಡನೆಯ ಅರ್ಜಿಯಲ್ಲಿ ಉಗುಳಿನ ಮಾತು ತೆಗೆದು, ಸಂಜೆಯ ಮಬ್ಬಿನಲ್ಲಿ ಹೆಣ್ಣುಮಕ್ಕಳು ಓಡಾಡುವುದು ಕಷ್ಟವಾಗಿದೆ ಎಂದು ಬರೆದೆ. ಮುನಸಿಪಾಲ್ಟಿಯವರು ಅದನ್ನು ಲಕ್ಷ್ಯಗೊಟ್ಟು ಓದಿದರು ಎಂದೇ ಹೇಳಬೇಕು. ಮಬ್ಬು ಇದೆ ಎಂದಲ್ಲವೇ ದೂರು? ನಮ್ಮ ಮೂಲೆಗೆ ಒಂದು ಕಂಬ ನೆಟ್ಟು ಅದಕ್ಕೆ ಕಂದೀಲು ತೂಗುಹಾಕಿದರು. ದಿನಾ ಸಂಜೆ ಒಬ್ಬ ನಿಚ್ಚಣಿಕೆ ಹೊತ್ತು ಬಂದು ಹಚ್ಚಿ ಹೋಗುತ್ತಿದ್ದ. ಅದುವರೆಗೆ ಕತ್ತಲಾದರೆ ಇಸ್ಪೀಟಿನ ಎಲೆ ಕಾಣದೆ ಎದ್ದು ಹೋಗುತ್ತಿದ್ದವರು ಇನ್ನು ನಾವು ಊಟ ಮುಗಿಸಿ ಪಾತ್ರೆ ತೊಳೆದರೂ ಏಳದ ಹಾಗಾಯಿತು. ಕಂದೀಲು ಹಚ್ಚುವವನೂ ಒಂದು ಕೈ ಆಡಿಯೇ ಮುಂದಿನ ಓಣಿಗೆ ಹೋಗುತ್ತಿದ್ದ.

"ಇನ್ನೊಂದ ಅರ್ಜಿ ಹಾಕಿದ್ರ ಅವರಿಗೆ ಹಾಸಿಗಿ ಕೊಟ್ಟ ಕಳಸ್ತಾರ" ಎಂದರು ಅತ್ತೆ. ಆದರೂ ಹಾಕಿಸಿದರು.

ಈ ಸಲ ನಮ್ಮ ವಾರ್ಡಿನ ಮೆಂಬರರೇ ಬಂದರು. ಜರಿರುಮಾಲು, ಉದ್ದ ಕೋಟು, ಕೈಯಲ್ಲಿ ಬೆತ್ತ, ಹಿಂದೆ ಕಚೇರಿಯ ಜವಾನ ಒಬ್ಬ ಪಟ್ಟೇವಾಲಾ. ಖುದ್ದು ಪರಿಶೀಲನೆ ಮಾಡುವೆ ಎಂದು ಕಟ್ಟೆಯ ಮುಂದೆ ನಿಂತರು. ಮೀಸೆಯವನು ಎದ್ದು ನಮಸ್ಕಾರ ಮಾಡಿ, ಧೋತರದ ಚುಂಗಿನಿಂದ ಕಲ್ಲು ಒರೆಸಿ, "ಬರ್ರಿ ಸಾಹೇಬ್ರ, ಬಿಸಲಾಗ ಯಾಕ ನಿಂತೀರಿ, ಕುಂಡ್ರಿ" ಎಂದ. ಕೂತರು. ಕೂತ ಮೇಲೆ ಕೈ ಸುಮ್ಮನಿರಬೇಕೇ? ನಾನು ಮತ್ತು ಅತ್ತೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆವು. ಮೊದಲು ವಿಚಾರಣೆಯ ಗಂಭೀರ ದನಿ. ಸ್ವಲ್ಪ ಹೊತ್ತಿಗೆ, "ಎಕ್ಕಾ ಇಟಗೊಂಡ ಸುಮ್ನ ಕುಂತಿಯಲ್ಲಪಾ ಇಷ್ಟೊತ್ತನ!" ಎಂದು ಮೆಂಬರರ ಕೂಗು. ಕೊನೆಗೆ ಒಳಗೆ ಹೇಳಿ ಕಳಿಸಿದರು, ಎಲ್ಲರಿಗೂ ಚಹಾ ಆಗಬೇಕು ಎಂದು. ಅರ್ಜಿ ಹಾಕಿದವರು ನಾವೇ ತಾನೆ! ನಾನು ಹಲ್ಲು ಕಚ್ಚಿ ಚಹಾಕ್ಕೆ ಇಟ್ಟೆ.

ನಾನು ಚಹಾ ಕುದಿಸುವಾಗ ಅತ್ತೆ ಬೀದಿಯ ಕಡೆಯ ಕಿಟಕಿಯ ಹತ್ತಿರ ತಮ್ಮ ಜಾಗಕ್ಕೆ ಹೋಗಿ ಕೂತರು. ಅದು ಅವರ ದಿನದ ಜಾಗ. ಮಧ್ಯಾಹ್ನವಾದರೆ ಮೊರದಲ್ಲಿ ಜೋಳ ಹಾಕಿಕೊಂಡು, ಕಲ್ಲು ಆರಿಸಿ ಹಸ ಮಾಡುತ್ತ ಅಲ್ಲೇ ಕೂಡ್ರುವರು. ಕಿಟಕಿಯ ಆಚೆ ಒಂದು ಗೇಣಿನಲ್ಲಿ ಇಸ್ಪೀಟಿನವರ ಬೆನ್ನು. ಅಷ್ಟು ಸಿಟ್ಟಿದ್ದವರು ಹಿತ್ತಲಿನ ಕಡೆ ಹೋಗಿ ಕೂಡ್ರಬಾರದೇ ಎಂದು ನನಗೆ ಅನಿಸುತ್ತಿತ್ತು. ಅವತ್ತು ಮೆಂಬರರು 'ರಾಣಿ!' ಎಂದು ಎಲೆ ಎಸೆದ ಸಪ್ಪಳಕ್ಕೆ ಅತ್ತೆ ಜೋಳದಿಂದ ತಲೆ ಎತ್ತದೆ ಗೊಣಗಿದರು:

"ರಾಣಿ ಯಾಕ ಒಗದಾ ಈಗ? ರಾಜಾ ಇನ್ನಾ ಆ ಮೀಸ್ಯಾನ ಕಡೇನ ಐತಿ."

ನನಗೆ ನಗು ತಡೆಯಲಿಲ್ಲ. ಅವರು ನನ್ನನ್ನು ದುರುಗುಟ್ಟಿ ನೋಡಿ, "ಚಾ ಉಕ್ಕಾಕತ್ತೈತಿ ನೋಡ ಹೋಗು" ಎಂದರು.

ಇನ್ನೊಂದು ಮಾತು. ಆ ಕಟ್ಟೆಯನ್ನು ದಿನಾ ಬೆಳಿಗ್ಗೆ ತೊಳೆಯುತ್ತಿದ್ದವರು ಅತ್ತೆಯೇ. ಮನೆಯ ಕೆಲಸವೆಲ್ಲ ನನ್ನ ತಲೆಗೆ ಬಂದರೂ ಅದೊಂದನ್ನು ನನಗೆ ಬಿಟ್ಟುಕೊಟ್ಟಿರಲಿಲ್ಲ. ಬೀದಿಯಲ್ಲಿ ಮಂದಿ ಓಡಾಡುವ ಮೊದಲೇ ಕೊಡ ನೀರು ಹೊತ್ತು ಹೋಗಿ, ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಉಗುಳಿನ ಕಲೆ ತೆಗೆದು, ಕಲ್ಲು ಮಿರಿಮಿರಿ ಮಿಂಚುವ ಹಾಗೆ ಮಾಡಿ, ಒಂದು ಗಳಿಗೆ ನಿಂತು ನೋಡಿ ಒಳಗೆ ಬರುವರು. ಅವರು ಅದರ ಮೇಲೆ ಕೂತದ್ದನ್ನು ನಾನು ನೋಡಿರಲಿಲ್ಲ. ನೋಡುವುದಾದರೂ ಹೇಗೆ? ಬೀದಿಗಟ್ಟೆ ಗಂಡಸರದು. ಮನೆಯ ಹೆಂಗಸರಿಗೆ ಹೊಸ್ತಿಲೇ ಗಡಿ. ಅದು ನನಗೂ ಗೊತ್ತಿತ್ತು, ಧಾರವಾಡದಲ್ಲಿಯೂ ಅದೇ ಪದ್ಧತಿ.

ಮೆಂಬರರು ಬಂದು ಹೋದ ಮೇಲೆ ಮುನಸಿಪಾಲ್ಟಿಯಿಂದ ಉತ್ತರ ಬಂತು. ಪಟ್ಟೇವಾಲಾ ತಂದುಕೊಟ್ಟ ಹಾಳೆಯನ್ನು ನಾನು ಓದಿದೆ. ಭಾಷೆ ನನ್ನ ಭಾಷೆಗಿಂತಲೂ ಬಿಗಿಯಾಗಿತ್ತು. ಸದರಿ ಸ್ಥಳವನ್ನು ಖುದ್ದಾಗಿ ಪರಿಶೀಲಿಸಲಾಗಿ, ಪುಂಡ ಜನರು ಕೂಡ್ರುವುದಕ್ಕೆ ಕಟ್ಟೆಯೇ ಕಾರಣವೆಂದು ಕಂಡುಬಂದಿದೆ. ಅಳತೆ ಮಾಡಲಾಗಿ ಸದರಿ ಕಟ್ಟೆಯು ಮುನಸಿಪಾಲ್ಟಿಯ ರಸ್ತೆಯ ಮೇಲೆ ಅತಿಕ್ರಮಣವಾಗಿರುವುದೂ ಕಂಡುಬಂದಿದೆ. ಆದ್ದರಿಂದ ಅರ್ಜಿದಾರರ ಅಹವಾಲನ್ನು ಮನ್ನಿಸಿ ಸದರಿ ಕಟ್ಟೆಯನ್ನು ಕಿತ್ತುಹಾಕಲು ಠರಾವು ಮಾಡಲಾಗಿದೆ.

ಅತ್ತೆಗೆ ಅರ್ಥವಾಗಲಿಲ್ಲ. "ಅವರನ್ನ ಕಿತ್ತಹಾಕತಾರಂತೇನ?" ಎಂದು ಕೇಳಿದರು.

"ಅವರನ್ನಲ್ರಿ ಅತ್ತ್ಯಾರ. ಕಟ್ಟೀನ."

ಬಡಿಯುತ್ತಿದ್ದ ರೊಟ್ಟಿಯ ಮೇಲೆ ಅವರ ಕೈ ನಿಂತುಬಿಟ್ಟಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಎದ್ದಿತು, ನಾನೇ ಹೋಗಿ ಇಳಿಸಿದೆ. ನನಗೆ ಅವರನ್ನು ಕಂಡು ನಿಜವಾಗಿ ಸಂಕಟವಾಯಿತು.

ಮರುದಿನ ನಮ್ಮ ಮನೆಯವರು ಅಂಗಡಿಗೆ ಹೋಗುವ ದಾರಿಯಲ್ಲಿ ಕಚೇರಿಗೆ ಹೋಗಿ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಹೇಳಿದರು. ಕಾರಕೂನ ಗಾಬರಿಯಾದನಂತೆ. ದೂರು ಕೊಡುವುದಕ್ಕೆ ಪದ್ಧತಿ ಇದೆ, ದೂರು ತೀರ್ಮಾನಿಸುವುದಕ್ಕೆ ಇದೆ, ಹಿಂದಕ್ಕೆ ಕೊಡುವುದಕ್ಕೆ ಯಾವ ಪದ್ಧತಿಯೂ ಇಲ್ಲ ಎಂದನಂತೆ. ಅಲ್ಲಿಂದ ಮೆಂಬರರ ಮನೆಗೆ ಹೋದರು. ಮೆಂಬರರಿಗೆ ಬೇಸರವಾಯಿತು.

"ಅಲ್ರಿ, ನಿಮ್ಮ ಸಲುವಾಗಿ ಸಭಾದಾಗ ಗುದ್ದ್ಯಾಡಿ ಪಾಸ್ ಮಾಡಿಸೇನಿ. ಎಲ್ಲಾರೂ ಒಮ್ಮತದಲೆ ಕೈ ಎತ್ಯಾರ. ನಮ್ಮ ಸಭಾದಾಗ ಎಲ್ಲಾರೂ ಕೂಡಿ ಕೈ ಎತ್ತಿದ್ದು ಇದ ಮೊದಲ್ರಿ. ಈಗ ಬ್ಯಾಡ ಅಂದ್ರ ಹೆಂಗ್ರಿ?"

ನಮ್ಮ ಮನೆಯವರು ಬಂದು ಊಟಕ್ಕೆ ಕೂತು, "ಹೋಗ್ಲಿ ಬಿಡವಾ, ಕಲ್ಲು ಅದು. ಪುಂಡರ ಕಾಟರ ತಪ್ಪೀತು" ಎಂದರು. ಅತ್ತೆ ಬಡಿಸುತ್ತಿದ್ದವರು ಸಾರಿನ ಪಾತ್ರೆಯನ್ನು ಅಲ್ಲೇ ಕುಕ್ಕಿ ಎದ್ದು ಹೋದರು.

ಕೆಡವುವ ದಿನ ಮಧ್ಯಾಹ್ನ ಓವರಸಿಯರ ಸಾಹೇಬರು ಹಾರೆ ಗುದ್ದಲಿ ಹಿಡಿದ ಆಳುಗಳನ್ನೂ ಒಂದು ಚಕ್ಕಡಿಯನ್ನೂ ಕರೆದುಕೊಂಡು ಬಂದರು. ಕಟ್ಟೆಯ ಮೇಲೆ ಆಟ ನಡೆದಿತ್ತು. ನಮ್ಮ ಮನೆಯವರು ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಎಂದು ಹೇಳಿ ಕಳಿಸಿದ್ದರು. ಅವರಿಗೆ ನೋಡಲು ಆಗುತ್ತಿರಲಿಲ್ಲ ಎಂದು ನನಗೆ ಗೊತ್ತು.

"ಏಳ್ರಿ, ಏಳ್ರಿ. ಕಟ್ಟಿ ಕೆಡವೂದೈತಿ" ಎಂದರು ಓವರಸಿಯರರು.

"ಈ ಕೈ ಮುಗಿಸಿ ಏಳ್ತೇವ್ರಿ" ಎಂದ ಮೀಸೆಯವನು.

ಓವರಸಿಯರರು ನಿಂತರು. ಬರಬರುತ್ತ ಅವರೂ ಬಗ್ಗಿ ಎಲೆ ನೋಡತೊಡಗಿದರು. ಆ ಕೈ ಮುಗಿಯಿತು. ಇನ್ನೊಂದು ಹಂಚಿದರು. ಆಳುಗಳು ಹಾರೆ ಇಟ್ಟು ಬೀಡಿ ಹಚ್ಚಿದರು. ಕೊನೆಗೆ ಓವರಸಿಯರರಿಗೆ ತಾವು ಬಂದ ಕೆಲಸ ನೆನಪಾಗಿ ದನಿ ಏರಿಸಿದಾಗ ಮೀಸೆಯವನು ಎಲೆ ಕೆಳಗಿಟ್ಟು ಬಹಳ ಗಂಭೀರವಾಗಿ ಹೇಳಿದ:

"ಸಾಹೇಬ್ರ, ಈ ಮನ್ಯಾಗ ಒಂದ ಪದ್ಧತಿ ಐತ್ರಿ. ಯಜಮಾನ್ರು ಹಾಕಿದ್ದು. ಕಟ್ಟಿ ಮ್ಯಾಲ ಕುಂತಾವರನ್ನ ಎಬ್ಬಿಸಬಾರದ್ರಿ. ಅದನ್ನ ನಾವು ಇಷ್ಟ ವರ್ಷ ಪಾಲಿಸ್ಕೊಂತ ಬಂದೇವಿ."

ಬಾಗಿಲ ಹಿಂದೆ ನಿಂತಿದ್ದ ನನಗೆ ಒಂದು ಕ್ಷಣ ಆ ಮೀಸೆಯ ಮೇಲೆ ಎಲ್ಲಿಲ್ಲದ ಅಭಿಮಾನ ಬಂತು. ಬೈಸಿಕೊಂಡವರೇ ಬೆನ್ನಿಗೆ ನಿಂತರಲ್ಲ ಎಂದುಕೊಂಡೆ. ಓವರಸಿಯರರು, "ಹಂಗಾದ್ರ ಪೋಲೀಸ್ರನ್ನ ಕರಿಸ್ಲೇನು?" ಎಂದರು ನೋಡಿ. ಪದ್ಧತಿ ಪಾಲಿಸುವವರು ಮೆಟ್ಟು ಸಿಕ್ಕಿಸಿಕೊಳ್ಳುವುದಕ್ಕೂ ನಿಲ್ಲಲಿಲ್ಲ. ಎಲೆಗಳು ಕಲ್ಲಿನ ಮೇಲೆ ಹಾಗೇ ಬಿದ್ದಿದ್ದವು. ನಾವು ಅಷ್ಟು ಅರ್ಜಿ ಹಾಕಿ ಆಗದಿದ್ದ ಕೆಲಸ ಒಂದೇ ಮಾತಿಗೆ ಆಗಿಹೋಯಿತು. ಆದರೆ ಈಗ ಅವರು ಎದ್ದದ್ದು ನಮಗೆ ಬೇಕಾಗಿರಲಿಲ್ಲ.

ಆಳು ಮೂಲೆಯ ಕಲ್ಲಿನ ಸಂದಿಗೆ ಹಾರೆ ಇಟ್ಟ. ನನ್ನ ಪಕ್ಕದಲ್ಲಿ ಏನೋ ಸರಿದ ಹಾಗಾಯಿತು. ನೋಡಿದರೆ ಅತ್ತೆ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿದರು. ನೆಟ್ಟಗೆ ಹೋಗಿ ಕಟ್ಟೆಯ ನಡುವೆ, ಚೆಲ್ಲಾಪಿಲ್ಲಿ ಬಿದ್ದ ಇಸ್ಪೀಟಿನ ಪಕ್ಕದಲ್ಲಿ ಕೂತು, ಕಾಲು ಮೇಲೆತ್ತಿ ಚಕ್ಕಳಬಕ್ಕಳ ಹಾಕಿದರು. ಬೀದಿಗೆ ಮುಖ ಮಾಡಿ. ಎದುರು ಮನೆಯ ಗಂಡಸರು, ಚಕ್ಕಡಿಯವನು, ಆಳುಗಳು ಎಲ್ಲ ನೋಡುತ್ತಿದ್ದರು.

"ಅವ್ವಾರ, ಏಳ್ರಿ. ಹಿಂಗ ಮಾಡಿದ್ರ ಹೆಂಗ್ರಿ?" ಎಂದರು ಓವರಸಿಯರರು.

"ಮದುವ್ಯಾಗಿ ಬಂದಾಗಿಂದ ಈ ಕಲ್ಲ ನಾ ತೊಳಿಯಾಕತ್ತೇನಪಾ" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಊರ ಮಂದಿ ಕುಂತ್ರು. ರೈತರು ಕುಂತ್ರು, ಪುಂಡರು ಕುಂತ್ರು, ನಿಮ್ಮ ಮೆಂಬರ ಬಂದು ಕುಂತಾ, ಚಾ ಕುಡದಾ. ನಾ ಕುಂತಿದ್ದಿಲ್ಲ. ಇವತ್ತ ಕುಂತೇನಿ. ಇನ್ನಾ ಕಲ್ಲು ಬೆಚ್ಚಗ ಸುದ್ದಾ ಆಗಿಲ್ಲ. ಎಬ್ಬಿಸ್ತೀಯೇನು?"

ಓವರಸಿಯರರು ಆಳುಗಳ ಕಡೆ ನೋಡಿದರು. ಆಳುಗಳು ಹಾರೆಯ ಕಡೆ ನೋಡಿದರು. ಪುಂಡರಿಗೆ ಪೋಲೀಸರನ್ನು ತೋರಿಸಬಹುದು, ತಾಯಿಯ ವಯಸ್ಸಿನ ಹೆಂಗಸಿಗೆ ಯಾರನ್ನು ತೋರಿಸುವುದು? ಕೈ ಹಿಡಿದು ಎಬ್ಬಿಸುವ ಹಾಗಿಲ್ಲ.

"ಏ ಹುಡುಗಿ" ಎಂದು ಅತ್ತೆ ನನ್ನನ್ನು ಕೂಗಿದರು. "ಮರಾ ತೊಗೊಂಡ ಬಾ. ಜ್ವಾಳ ಹಸ ಮಾಡೂದೈತಿ."

ಜೋಳದ ಮೊರ ತಂದುಕೊಟ್ಟೆ. ಅವರು ಬೀದಿಯ ಬೆಳಕಿನಲ್ಲಿ ಕಲ್ಲು ಆರಿಸುತ್ತ ಕೂತರು. ಒಳಗಿನ ಕಿಟಕಿಯ ಬೆಳಕಿನಲ್ಲಿ ಕಣ್ಣಿಗೆ ಬೀಳದಿದ್ದ ಹರಳುಗಳೆಲ್ಲ ಸಿಗುತ್ತಿವೆ ಎಂದು ಓವರಸಿಯರರಿಗೇ ಒಂದೆರಡು ತೋರಿಸಿದರು. ಬಿಸಿಲು ಇಳಿಯಿತು. ಚಕ್ಕಡಿಯವನು ಎತ್ತಿಗೆ ಮೇವು ಹಾಕುವ ಹೊತ್ತಾಯಿತು ಎಂದ. ಓವರಸಿಯರರು ನಾಳೆ ಬರುವುದಾಗಿ ಹೇಳಿ ಹೋದರು. ಮರುದಿನ ಅವರು ಬರುವ ಮೊದಲೇ ಅತ್ತೆ ಕಟ್ಟೆಯ ಮೇಲಿದ್ದರು. ಅದರ ಮರುದಿನವೂ ಇದ್ದರು. ಆಮೇಲೆ ಓವರಸಿಯರರು ಈ ಓಣಿ ಬಿಟ್ಟು ಬೇರೆ ದಾರಿಯಿಂದ ಕಚೇರಿಗೆ ಹೋಗತೊಡಗಿದರು.

ಪುಂಡರು ಬಂದರು. ಬರದೆ ಏನು! ಎದುರಿನ ಗೋಡೆಯ ನೆರಳಿಗೆ ನಿಂತು ಸ್ವಲ್ಪ ಹೊತ್ತು ಕಾಯ್ದರು. ಹಿರಿಯ ಹೆಂಗಸು ಕೂತ ಕಟ್ಟೆಯ ಮೇಲೆ ಸರಿಸಮ ಕೂಡ್ರುವುದು ಹೇಗೆ, ಕೂತರೂ ಉಗುಳುವುದು ಹೇಗೆ? ಮೀಸೆಯವನು ಮಾತ್ರ ಹತ್ತಿರ ಬಂದು, ಕೈ ಮುಗಿದು, "ಎಲಿ ಇಲ್ಲೆ ಬಿಟ್ಟ ಹೋಗಿದ್ದಿವ್ರಿ ಅವ್ವಾರ" ಎಂದ.

"ಎಲಿ? ಯಾವ ಎಲಿ?" ಎಂದರು ಅತ್ತೆ. ಎಲೆಗಳನ್ನೆಲ್ಲ ಬಾಚಿಕೊಂಡು ಅವುಗಳ ಮೇಲೆಯೇ ಕೂತಿದ್ದರು.

ಪುಂಡರು ಬೇರೆ ಓಣಿಗೆ ಹೋದರು. ಆ ಓಣಿಯವರು ಮುನಸಿಪಾಲ್ಟಿಗೆ ಅರ್ಜಿ ಹಾಕಿದರೋ ಏನೋ, ಅವರಿಗೂ ಒಂದು ಕಂದೀಲು ಸಿಕ್ಕಿರಬೇಕು.

ಇಷ್ಟರಲ್ಲಿ ಕಚೇರಿಯಿಂದ ಇನ್ನೊಂದು ಹಾಳೆ ಬಂತು. ಮುನಸಿಪಾಲ್ಟಿಯು ಕೈಕೊಂಡ ತ್ವರಿತ ಕ್ರಮದ ಫಲವಾಗಿ ಸದರಿ ಕಟ್ಟೆಯ ಮೇಲೆ ಈಗ ಯಾವ ಪುಂಡ ಜನರೂ ಕೂಡ್ರುತ್ತಿಲ್ಲವೆಂದು ಕಂಡುಬಂದದ್ದರಿಂದ ಅರ್ಜಿಯನ್ನು ಮುಗಿಸಲಾಗಿದೆ ಎಂದಿತ್ತು. ಮೆಂಬರರು ಮುಂದಿನ ಚುನಾವಣೆಯಲ್ಲಿ ಇದನ್ನೇ ತಮ್ಮ ದೊಡ್ಡ ಕೆಲಸವೆಂದು ಹೇಳಿಕೊಂಡರು, ಆರಿಸಿಯೂ ಬಂದರು. ನಾನು ಹೊಸ್ತಿಲ ಒಳಗೆ ನಿಂತು ಆ ಹಾಳೆ ಓದಿದೆ. ಅತ್ತೆ ಕಟ್ಟೆಯ ಮೇಲಿಂದ, "ಏನೂ ಕೇಳಸವಲ್ದು. ಇಲ್ಲೆ ಬಂದು ಕುಂತ ಓದು" ಎಂದರು.

"ಮಂದಿ ನೋಡ್ತಾರ್ರಿ ಅತ್ತ್ಯಾರ."

"ನೋಡ್ಲಿ. ನಮಗೂ ಅವರು ಕಾಣಸ್ತಾರ."

ಹೋಗಿ ಕೂತೆ. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಹಿತವಾಗಿ ಕಾದಿತ್ತು. ಆ ಮನೆಗೆ ಬಂದು ಅಷ್ಟು ದಿನವಾದರೂ ನಮ್ಮ ಓಣಿ ಮೂಲೆಯಲ್ಲಿ ಹಾಗೆ ತಿರುಗಿಕೊಂಡು ಪೇಟೆಗೆ ಸೇರುತ್ತದೆ ಎಂಬುದನ್ನು ನಾನು ಕೂತು ನೋಡಿದ್ದು ಅವತ್ತೇ. ನನಗೆ ಯಾಕೋ ಅಳು ಬಂದ ಹಾಗಾಯಿತು. ಅತ್ತೆ ಜೋಳದ ಮೊರವನ್ನು ನನ್ನ ಕಡೆ ಸರಿಸಿದರು.

ನನ್ನ ನಂತರ ಎದುರು ಮನೆಯವಳು ಬಂದಳು. ಆಮೇಲೆ ಹಿಂದಿನ ಮನೆಯ ಅತ್ತೆ ಸೊಸೆ ಇಬ್ಬರೂ. ಯಾರೋ ಮೊರ ತಂದರು, ಯಾರೋ ಮೆಣಸಿನಕಾಯಿ ತೊಟ್ಟು ಬಿಡಿಸಲು ತಂದರು, ಚುರುಮುರಿ ಬಂತು. ಜೋಳ ಮುಗಿದ ಒಂದು ದಿನ ನಮ್ಮತ್ತೆ ಸೊಂಟದಿಂದ ಇಸ್ಪೀಟು ತೆಗೆದು ಹಂಚಿದರು. ಕಿಟಕಿಯ ಹಿಂದೆ ಕೂತು ಅಷ್ಟು ವರ್ಷ ಕೇಳಿ ಕಲಿತ ಆಟ, ಮೀಸೆಯವನನ್ನೂ ಸೋಲಿಸುವ ಹಾಗಿತ್ತು. ಸೋತವರು ಕೂಗಾಡುತ್ತಿದ್ದರು, ಗೆದ್ದವರು ನಗುತ್ತಿದ್ದರು. ಸಾಲೆಯ ಹುಡುಗಿಯರು ಸುತ್ತು ಹಾಕುವುದನ್ನು ಬಿಟ್ಟು ನಮ್ಮ ಓಣಿಯಲ್ಲೇ ಹೋಗತೊಡಗಿದರು. ಗಂಡಸರೇ ಸ್ವಲ್ಪ ತಲೆ ತಗ್ಗಿಸಿ ಲಗುಬಗೆಯಿಂದ ನಡೆಯುತ್ತಿದ್ದರು.

ಆಗ ಮತ್ತೆ ಪಟ್ಟೇವಾಲಾ ಬಂದ. ಈ ಸಲ ಯಾವ ಅರ್ಜಿಯನ್ನೂ ನಾವು ಹಾಕಿರಲಿಲ್ಲ. ನಾನು ಹಾಳೆ ಬಿಚ್ಚಿ ಓದಿದೆ. ಸದರಿ ಕಟ್ಟೆಯ ಮೇಲೆ ಕೆಲಸವಿಲ್ಲದ ಹೆಂಗಸರು ಗುಂಪುಗೂಡಿ ಇಸ್ಪೀಟು ಆಡುತ್ತ, ಗಟ್ಟಿಯಾಗಿ ನಗುತ್ತ, ಹೋಗಿಬರುವ ಗೃಹಸ್ಥರಿಗೆ ಸಂಕೋಚವನ್ನುಂಟುಮಾಡುತ್ತಿರುವುದಾಗಿ ಓಣಿಯ ನಿವಾಸಿಗಳಿಂದ ದೂರು ಬಂದಿದೆ. ಇದಕ್ಕೆ ಮುಖ್ಯಸ್ಥರಾದ ಇಂಥವರು ತಮ್ಮ ಹೇಳಿಕೆಯನ್ನು ಬರೆದು ಕಳುಹಿಸತಕ್ಕದ್ದು.

ಹೆಂಗಸರೆಲ್ಲ ಗಾಬರಿಯಾಗಿ ಮೊರ ಎತ್ತಿಕೊಂಡರು. ಅತ್ತೆ ಮಾತ್ರ ಕೂತಲ್ಲಿಂದ ಅಲ್ಲಾಡದೆ ಕೇಳಿದರು:

"ಮುಖ್ಯಸ್ಥರು ಅಂದ್ರ ಯಾರಂತ ಬರದಾರ?"

"ನಿಮ್ಮ ಹೆಸರ ಬರದಾರ್ರಿ."

"ನಮ್ಮ ಹುಡುಗಂದಲ್ಲಾ?"

"ಅಲ್ರಿ. ನಿಮ್ದ."

"ಎಲ್ಲೈತಿ, ತೋರ್ಸು."

ಅವರ ತೋರುಬೆರಳು ಹಿಡಿದು ಆ ಹೆಸರಿನ ಮೇಲೆ ಇಟ್ಟೆ. ಮಣ್ಣು, ನೀರು, ಜೋಳದ ಹಿಟ್ಟು ತಿಂದು ಒರಟಾದ ಬೆರಳು. ಮನೆ ಮಾವನ ಹೆಸರಿನಲ್ಲಿತ್ತು, ಆಮೇಲೆ ಮಗನ ಹೆಸರಿಗೆ ಬಂತು. ಅರ್ಜಿಗಳೆಲ್ಲ ಮಗನ ಹೆಸರಿನಲ್ಲಿ ಹೋದವು. ತಮ್ಮ ಹೆಸರು ಬರೆದಿದ್ದ ಹಾಳೆಯನ್ನು ಅವರು ಕಂಡದ್ದು ಅದೇ ಮೊದಲು. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಸಾಲ ನಿನ್ನಷ್ಟ ಸೀದಾ ಇಲ್ಲ. ಇರ್ಲಿ" ಎಂದರು. "ಮನಿ ಕಾಗದಾ ಇಡೂ ಪೆಟಗ್ಯಾಗ ಇಡು ಇದನ್ನ. ಅದಕ್ಕಿಂತ ಮೊದಲ ದೌತಿ ಟಾಕು ತಾ."

ತಂದೆ. "ಏನಂತ ಬರೀಲ್ರಿ?" ಎಂದು ಕೇಳಿದೆ.

"ಕುಂತಾವರನ್ನ ಎಬ್ಬಿಸೂ ಪದ್ಧತಿ ಈ ಮನ್ಯಾಗ ಇಲ್ಲ ಅಂತ ಬರಿ."

ಅಷ್ಟು ದಿನ ಅವರ ಮಾತನ್ನು ಕಚೇರಿಯ ಭಾಷೆಗೆ ತಿದ್ದಿ ತಿದ್ದಿ ಬರೆದವಳು ನಾನು. ಇದನ್ನು ತಿದ್ದಲಿಲ್ಲ. ಅವರು ಹೇಳಿದ ಹಾಗೆಯೇ, ಅವರ ಬಾಯಿಯಿಂದ ಬಂದ ಹಾಗೆಯೇ ಬರೆದೆ. ಸಹಿಗೆ ಮನೆಯವರ ದಾರಿ ಕಾಯಲಿಲ್ಲ. ಕೆಳಗೆ ಅತ್ತೆಯ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದೆ. ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡು, ನಿಂತಿದ್ದ ಹೆಂಗಸರಿಗೆ ಕೂಡ್ರಲು ಹೇಳಿ, ಎಲೆ ಹಂಚಿದರು.